ಇನ್ನೂರು ಫಲಕ, ಒಂದೇ ಮಾತು

ಕನೆಕ್ಟಿಕಟ್‌ನ ನಮ್ಮ ಪುಟ್ಟ ಊರಿನಲ್ಲಿ ಮನೆ ಕಟ್ಟಲು ಅನುಮತಿ ಕೊಡುವ ಸಮಿತಿಯೊಂದಿದೆ. ಅದರ ಸಭೆಗಳಲ್ಲಿ ಯಾರು ಏನಂದರೆಂದು ಬರೆದುಕೊಳ್ಳುವುದು ನನ್ನ ಕೆಲಸ. ಬಾಯಿ ತೆರೆಯಬೇಕಿಲ್ಲವಾದ್ದರಿಂದ ನನಗೆ ಹಿಡಿಸಿದೆ.

ಈ ಸಲದ ಜಗಳ, ಹಳೆಯ ಟೈರ್ ಅಂಗಡಿಯ ಜಾಗದಲ್ಲಿ ಕಡಿಮೆ ಬಾಡಿಗೆಯ ನಲವತ್ತು ಮನೆ ಕಟ್ಟಬೇಕೋ ಬೇಡವೋ ಎಂಬುದು. ಅದರಲ್ಲೊಂದು ಮನೆಯ ಮೇಲೆ ಶಾಲಾ ಬಸ್ಸು ಓಡಿಸುವ ವರ್ಲೀನ್ ಟಿಬ್ಸ್ ಕಣ್ಣಿಟ್ಟಿದ್ದಳು. ಊರಿನ ಮಕ್ಕಳನ್ನೆಲ್ಲ ಶಾಲೆಗೆ ಮುಟ್ಟಿಸುವವಳ ಮಗಳು ಮಾತ್ರ ನದಿಯಾಚೆ, ತರಗತಿಗೆ ಮೂವತ್ತೈದು ಮಕ್ಕಳಿದ್ದು ಲೈಬ್ರರಿಗೆ ಬೀಗ ಬಿದ್ದಿದ್ದ ಶಾಲೆಯಲ್ಲಿ. ಈ ಊರಲ್ಲಿ ಮನೆಯಿದ್ದವರಿಗಷ್ಟೇ ಈ ಊರಿನ ಶಾಲೆ.

ವಿರೋಧಿಗಳ ಮುಂದಾಳು ನಿವೃತ್ತ ಹಲ್ಲಿನ ಡಾಕ್ಟರು ಹಾರ್ಲನ್ ಪ್ರೂಯಿಟ್. ಮರ್ಯಾದಸ್ಥರು, 'ಬಡವರು ಬೇಡ' ಎಂದು ಬರೆಸಲಾದೀತೇ? 'ನಮ್ಮ ಶಾಲೆ ಉಳಿಸಿ' ಎಂದಷ್ಟೇ ಇನ್ನೂರು ಫಲಕ ಅಚ್ಚು ಹಾಕಿಸಿ ಮನೆಯಂಗಳದಲ್ಲಿ ನೆಡಲು ಪುಕ್ಕಟೆ ಹಂಚಿದರು. ಯಾರಿಂದ ಉಳಿಸಬೇಕೆಂದು ಹೇಳಲಿಲ್ಲ. ವಾರದೊಳಗೆ ಒಂದೂ ಉಳಿಯಲಿಲ್ಲ.

ಸಭೆಯಲ್ಲಿ ಡಾಕ್ಟರು ಎದ್ದು ನಿಂತರು. "ಬೀದೀಲಿ ನೋಡ್ಕೊಂಡು ಬಂದ್ರಲ್ಲ? ಇನ್ನೂರು ಅಂಗಳ. ಊರಿಗೆ ಊರೇ ಈ ಮನೆಗಳು ಬೇಡ ಅಂತಿದೆ. ಬರ್ಕೊಳ್ಳಮ್ಮ."

"ಬರ್ಕೋಬೇಡ ತಡಿ," ಎಂದಳು ಬೇಕರಿಯ ಕೊವಾಲ್ಚಿಕ್ ಅಜ್ಜಿ. "ನಾನು ಫಲಕ ಹಾಕಿದ್ದು ಮನೆ ಬೇಕು ಅಂತ. ಒಂದನೇ ಕ್ಲಾಸಲ್ಲಿ ಒಂಬತ್ತೇ ಮಕ್ಕಳು. ಹೀಗಾದ್ರೆ ಶಾಲೆ ಮುಚ್ತಾರೆ. ಮಕ್ಕಳಿಲ್ಲದ ಶಾಲೆ ಉಳಿಸ್ಕೊಂಡು ಉಪ್ಪಿನಕಾಯಿ ಹಾಕ್ತೀರಾ ಡಾಕ್ಟ್ರೇ?"

"ಅದು ನನ್ನ ಫಲಕ ಕಣ್ರೀ."

"ಪುಕ್ಕಟೆ ಕೊಟ್ರಿ, ತಗೊಂಡೆ."

ಅಧ್ಯಕ್ಷೆ ಕೈ ಎತ್ತಿಸಿ ನೋಡಿದರು. ಫಲಕ ಹಾಕಿದವರಲ್ಲಿ ಅರ್ಧಕ್ಕರ್ಧ ಅಜ್ಜಿಯ ಕಡೆ. ಡಾಕ್ಟರ ಹೆಂಡತಿಯ ಕೈ ಅರ್ಧ ಎದ್ದು, ಕೂದಲು ಸರಿಪಡಿಸಿಕೊಂಡು ಕೆಳಗಿಳಿಯಿತು.

ವರ್ಲೀನ್ ಎದ್ದಳು. "ನಿಮ್ಮ ಮೊಮ್ಮಗ ಬೂಟು ಅದಲುಬದಲು ಹಾಕ್ಕೊಂಡು ಬಂದ್ರೆ ದಿನಾ ಸರಿ ಮಾಡೋದು ನಾನೇ, ಡಾಕ್ಟ್ರೇ. ನಾನು ಬಂದ್ರೆ ಶಾಲೆ ಕೆಡೋದಾಗಿದ್ರೆ ಇಷ್ಟೊತ್ತಿಗೆ ಕೆಟ್ಟಿರ್ಬೇಕಿತ್ತು."

"ನಿಮ್ಮನ್ನಲ್ಲಮ್ಮ ನಾನಂದಿದ್ದು. ಬೇರೆಯವರು..."

"ಆ ಬೇರೆಯವರು ಅಂದ್ರೆ ನಾನೇ ಸ್ವಾಮಿ. ಸಂಜೆ ವಾಪಸ್ ಹೋಗದೆ ಇಲ್ಲೇ ಉಳ್ಕೋತೀನಿ, ಅಷ್ಟೇ ವ್ಯತ್ಯಾಸ."

ಡಾಕ್ಟರು ನೀರು ಕುಡಿದರು. ಸಮಿತಿ ಮತ ಹಾಕಿತು. ಪರ ಮೂರು, ವಿರುದ್ಧ ಎರಡು; ಮನೆಗಳಿಗೆ ಒಪ್ಪಿಗೆ.

ಚಪ್ಪಾಳೆ ಮುಗಿಯುವ ಮೊದಲೇ ವರ್ಲೀನ್ ನನ್ನ ಮೇಜಿನ ಮುಂದಿದ್ದಳು. "ಅರ್ಜಿ ಕೊಡಮ್ಮ."

ಕಟ್ಟಿ ಮುಗಿಯಲು ಎರಡು ವರ್ಷ, ಆಮೇಲೆ ಮನೆ ಯಾರಿಗೆಂದು ಚೀಟಿ ಎತ್ತುತ್ತಾರೆ ಎಂದು ಮೆಲ್ಲಗೆ ಹೇಳಿದೆ.

ಅವಳು ಬೆರಳು ಮಡಚಿದಳು. "ಮಗಳೀಗ ಮೂರನೇ ಕ್ಲಾಸು. ಇಲ್ಲಿನ ಶಾಲೆ ಐದಕ್ಕೇ ಮುಗಿಯತ್ತೆ. ಚೀಟಿ ಬಂದ್ರೆ ಒಂದ್ವರ್ಷ ಸಿಗತ್ತೆ." ಮಡಚಿದ ಬೆರಳೊಂದನ್ನು ಮತ್ತೆ ಬಿಡಿಸಿದಳು. "ಸಾಲದಿದ್ರೆ ಒಂದ್ಸಲ ಫೇಲಾಗೇ ಅಂತೀನಿ."