ಪಾಲಿಶ್ ಯಂತ್ರದ ಮೇಲೆ ಪರರ ಹೆಸರು

ನಾನು ಒಂದು ಪಾಲಿಶ್ ಯಂತ್ರ. ಹೊಸದಾಗಿ ಹಾಸಿದ ಕಲ್ಲಿನ ನೆಲವನ್ನು ಉಜ್ಜಿ ನುಣುಪು ಮಾಡುವುದು ನನ್ನ ಕೆಲಸ. ಹುಬ್ಬಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ ವಿಠೋಬಾ ಮೇಸ್ತ್ರಿ ನನ್ನನ್ನು ಮಾಡಿದ. ಎರಕದ ಕಬ್ಬಿಣದ ದುಂಡು ತಳ, ಅದರಡಿ ಉಜ್ಜುಗಲ್ಲು, ಮೇಲೆ ಮೋಟಾರು, ಉದ್ದನೆಯ ಹಿಡಿಕೆ. ಮೊದಲ ಸಲ ಕರೆಂಟು ಕೊಟ್ಟಾಗ ನಾನು ಅವನ ಕೈ ತಪ್ಪಿಸಿಕೊಂಡು ಗೋಡೆಗೆ ಗುದ್ದಿದೆ. ಅವನು ನಕ್ಕು, "ಇದಕ್ಕ ಸುಮ್ಮನ ಕೂಡೂದು ಗೊತ್ತಿಲ್ಲ ನೋಡು" ಎಂದ. ಆ ಮಾತು ಇವತ್ತಿಗೂ ನಿಜ. ತಿರುಗುತ್ತಿದ್ದರೆ ನನಗೆ ಸಮಾಧಾನ, ನಿಂತರೆ ಮೈಯೆಲ್ಲ ಕಡಿತ.

ನನ್ನನ್ನು ಕೊಂಡವನು ದಾವಲಸಾಬ. ಅವನು ಮನೆಮನೆಗೆ ಹೋಗಿ ನೆಲ ಉಜ್ಜುತ್ತಿದ್ದ. ನೀರು ಬಿಡಲು, ಉಜ್ಜಿದಾಗ ಏಳುವ ರಾಡಿ ಬಳಿದು ತೆಗೆಯಲು ದ್ಯಾಮವ್ವ ಜೊತೆಗಿದ್ದಳು. ನೆಲದಲ್ಲಿರುವ ನನಗೆ ಮನುಷ್ಯರ ಪಾದಗಳೇ ಪರಿಚಯ. ದಾವಲಸಾಬನದು ಅಗಲವಾದ ಪಾದ. ದ್ಯಾಮವ್ವನ ಹಿಮ್ಮಡಿಯ ಬಿರುಕುಗಳಲ್ಲಿ ಕಲ್ಲಿನ ಬಿಳಿ ರಾಡಿ ತುಂಬಿರುತ್ತಿತ್ತು, ತೊಳೆದರೂ ಹೋಗುತ್ತಿರಲಿಲ್ಲ. ಸಣ್ಣ ಮನೆಗಳ ಜನ ಕೆಲಸ ಮುಗಿದ ದಿನವೇ ಕೂಲಿ ಕೊಟ್ಟು, ಚಹಾ ಕುಡಿಸಿ ಕಳಿಸುತ್ತಿದ್ದರು.

ವರ್ಷಗಳು ಕಳೆದು ದಾವಲಸಾಬನ ಮಂಡಿಗಳು ಸೋತವು. "ದ್ಯಾಮವ್ವ, ಇದನ್ನ ಇನ್ನ ನೀನ ಇಟಗೋ. ಆದಾಗ ಆದಷ್ಟು ಕೊಡು" ಎಂದ. ಅವಳು ಕೊಡುತ್ತ ಹೋಗಿ ಸಾಲ ತೀರಿಸಿದಳು. ಇಬ್ಬರ ನಡುವೆ ಮಾತಷ್ಟೇ ಇತ್ತು. ರಸೀದಿ ಬೇಕೆಂದು ಇಬ್ಬರಿಗೂ ಅನಿಸಲಿಲ್ಲ.

ಆಮೇಲೆ ದೊಡ್ಡ ಕೆಲಸ ಬಂತು. ಹೊನ್ನಂಬರ ಎಂಬ ಕಂಪನಿ ಊರ ಹೊರಗೆ ಎತ್ತರದ ಕಟ್ಟಡ ಕಟ್ಟುತ್ತಿತ್ತು. ಅದರ ನೆಲದ ಪಾಲಿಶನ್ನು ದ್ಯಾಮವ್ವನಿಗೆ ತುಂಡು ಗುತ್ತಿಗೆ ಕೊಟ್ಟರು. ಅವಳು ಇಬ್ಬರು ಹೆಣ್ಣಾಳುಗಳನ್ನು ಕರೆದುಕೊಂಡು, ಅಂಗಡಿಯಿಂದ ಉಜ್ಜುಗಲ್ಲು ಉದ್ದರಿ ತಂದಳು.

ಅಲ್ಲಿಯ ಗೇಟಿನಲ್ಲಿ ಒಂದು ಕಾಟವಿತ್ತು. ಯಾವ ಸಾಮಾನು ಒಳಗೆ ಹೋದರೂ ಹೊರಗೆ ಬಂದರೂ ಕಾವಲಿನವನಿಗೆ ಚೀಟಿ ತೋರಿಸಬೇಕು, ಇಂಜಿನಿಯರನ ಸಹಿ ಬೇಕು. ಅದನ್ನು ತಪ್ಪಿಸಿಕೊಳ್ಳಲು ತುಂಡು ಗುತ್ತಿಗೆಯವರೆಲ್ಲ ಒಂದು ಉಪಾಯ ಮಾಡಿಕೊಂಡಿದ್ದರು. ತಮ್ಮ ಸಾಮಾನಿನ ಮೇಲೆ ಕಂಪನಿಯ ಹೆಸರನ್ನೇ ನೀಲಿ ಬಣ್ಣದಲ್ಲಿ ಬರೆಸುವುದು. ಕಂಪನಿಯ ಸಾಮಾನನ್ನು ಯಾರೂ ತಡೆಯುತ್ತಿರಲಿಲ್ಲ. ವೈರಿಂಗಿನ ಮೌಲಾಲಿ ತನ್ನ ಏಣಿಗೆ ಬರೆಸಿಕೊಂಡಿದ್ದ.

"ನೀನೂ ಹಚ್ಚಿಸ್ಕೊ ಬೇ ಅಕ್ಕಾ," ಎಂದ. "ದಿನಾ ಆ ಗೇಟಿನ ಮಾರಾಯಗ ಮಾರಿ ತೋರ್ಸೂದು ತಪ್ಪತೈತಿ."

"ಹಚ್ಚಿದ್ರ ಏನ ಆಗೂದೈತಿ, ಹಚ್ಚಸು" ಎಂದಳು ದ್ಯಾಮವ್ವ.

ನನ್ನ ಮೋಟಾರಿನ ಮೇಲೆ ತಣ್ಣಗೆ ಬಣ್ಣ ಬಿತ್ತು. ನಾನು ಹೊನ್ನಂಬರದ ಯಂತ್ರದಂತೆ ಕಾಣತೊಡಗಿದೆ.

ಮೊದಲ ಬಿಲ್ಲಿನ ಹಣ ಬಂತು. ಎರಡನೆಯದು ಅರ್ಧ ಬಂತು. ಮೂರನೆಯದಕ್ಕೆ ಇಂಜಿನಿಯರ್ ನಂದೀಶ ಚಹಾ ತರಿಸಿದ.

"ಮ್ಯಾಲಿಂದ ರೊಕ್ಕ ಬಂದ ಕೂಡ್ಲೆ ನಿಮಗ ಮೊದ್ಲ ಅಮ್ಮಾ. ಆದ್ರ ಕೆಲಸ ನಿಲ್ಲಸಬ್ಯಾಡ್ರಿ. ನಿಲ್ಲಿಸಿದವರ ಬಿಲ್ಲು ಎಲ್ಲಾರಕಿಂತ ಕೆಳಗ ಹೋಗ್ತೈತಿ."

ಆ ಹೆದರಿಕೆಗೆ ಎಲ್ಲರೂ ಕೆಲಸ ಮಾಡುತ್ತಲೇ ಇದ್ದರು. ಬರಬೇಕಾದ ಹಣ ಬೆಳೆದಷ್ಟೂ ಬಿಟ್ಟುಹೋಗುವುದು ಕಷ್ಟವಾಗುತ್ತಿತ್ತು. ದ್ಯಾಮವ್ವ ಕಿವಿಯ ಬೆಂಡೋಲೆ ಅಡವಿಟ್ಟು ಹೆಣ್ಣಾಳುಗಳಿಗೆ ಕೂಲಿ ಕೊಟ್ಟಳು. ನಂದೀಶ ಸುಳ್ಳನಲ್ಲ. ಅವನ ಬೂಟಿನ ಅಟ್ಟೆ ಬಾಯಿ ಬಿಟ್ಟಿತ್ತು, ಅವನು ಅದನ್ನೇ ತಂತಿ ಕಟ್ಟಿಕೊಂಡು ತಿರುಗುತ್ತಿದ್ದ. ಅವನಿಗೂ ಸಂಬಳ ಬಂದಿಲ್ಲವೆಂದು ಕೆಳಗಿನಿಂದ ನೋಡುವ ನನಗೆ ಎಲ್ಲರಿಗಿಂತ ಮೊದಲೇ ಗೊತ್ತಾಯಿತು.

ಒಂದು ಬೆಳಿಗ್ಗೆ ಯಾರ ಪಾದವೂ ಮೇಲೆ ಬರಲಿಲ್ಲ. ಕಂಪನಿ ದಿವಾಳಿಯಾಗಿ, ಗೇಟಿಗೆ ಬೀಗ ಹಾಕಿ ಅರಗಿನ ಮುದ್ರೆ ಒತ್ತಿದ್ದರು. ಅರ್ಧ ಉಜ್ಜಿದ ನೆಲದ ನಡುವೆ ನಾನೊಬ್ಬನೇ ಉಳಿದೆ. ತಳಕ್ಕೆ ಮೆತ್ತಿದ್ದ ರಾಡಿ ಒಣಗಿ ಕಲ್ಲಾಯಿತು. ಗಾಳಿಗೆ ಎಲ್ಲೋ ಕಿಟಕಿ ಬಡಿದರೂ ಅವಳು ಬಂದಳೆಂದು ನನ್ನ ಮೋಟಾರು ಕಾಯುತ್ತಿತ್ತು. ಉಜ್ಜಬೇಕಾದ ನೆಲ ಕಣ್ಣೆದುರೇ ಇದ್ದು ತಿರುಗಲಾಗದ ಸಂಕಟ ನನ್ನ ಜಾತಿಯವರಿಗೇ ಗೊತ್ತು.

ಬಹಳ ದಿನಗಳ ಮೇಲೆ ಹೊಳೆಯುವ ಬೂಟುಗಳು ಬಂದವು. ದಿವಾಳಿ ಕಂಪನಿಯ ಆಸ್ತಿ ಮಾರಲು ಬೆಂಗಳೂರಿನಿಂದ ಬಂದ ಅಧಿಕಾರಿ. ಅವನ ಹಿಂದೆಯೇ ಬಿರುಕು ಹಿಮ್ಮಡಿಗಳೂ, ಒಂದು ಊರುಗೋಲೂ ಮೆಟ್ಟಿಲು ಹತ್ತಿ ಬಂದವು.

"ಇದು ನಂದ್ರಿ ಸರ" ಎಂದಳು ದ್ಯಾಮವ್ವ.

"ಕಂಪನಿ ಹೆಸರಿದೆಯಲ್ಲಮ್ಮ?"

"ಗೇಟಿನ ಸಲುವಾಗಿ ಹಚ್ಚಿಸಿದ್ದೆ."

"ಕೊಂಡ ರಸೀದಿ ಇದೆಯಾ?"

ದಾವಲಸಾಬ ಊರುಗೋಲನ್ನು ನೆಲಕ್ಕೆ ಕುಟ್ಟಿದ. "ರಸೀದಿ ನಾನ ಅದೀನಲ್ರಿ. ನಾ ಕೊಟ್ಟೇನಿ, ಆಕಿ ತೀರಿಸ್ಯಾಳ."

ಅಧಿಕಾರಿ ಕೈಯಲ್ಲಿದ್ದ ಫೈಲು ತೆರೆದ. "ನಿಮ್ಮ ಮಾತು ನಾನು ನಂಬ್ತೀನಿ ಅಜ್ಜ. ನನ್ನ ಫೈಲು ನಂಬಬೇಕಲ್ಲ."

ಅವನು ನನ್ನ ಮೇಲೆ ಹರಾಜಿನ ಚೀಟಿ ಅಂಟಿಸಿ ಮುಂದೆ ಹೋದ. ಅವಳ ಬಿಲ್ಲಿನ ಹಣ ಹೋಗಿದ್ದು ಒಂದು ಕಡೆ, ಈಗ ದುಡಿಯುವ ಕೈಯೇ ಹೋಯಿತು.

ಹರಾಜಿನ ದಿನ ಏಣಿ, ತಗಡು, ಸೊಟ್ಟ ಸರಳುಗಳ ಜೊತೆ ನನ್ನನ್ನೂ ಗುಂಪು ಹಾಕಿದರು. ಒಬ್ಬರ ಸಾಮಾನಿಗೆ ಇನ್ನೊಬ್ಬರು ಕೂಗಬಾರದೆಂದು ತುಂಡು ಗುತ್ತಿಗೆಯವರು ಮಾತಾಡಿಕೊಂಡು ಬಂದಿದ್ದರು. ಆದರೆ ಬಿಡಿಬಿಡಿಯಾಗಿ ಮಾರಲೇ ಇಲ್ಲ. ಇಡೀ ಗುಂಪನ್ನು ಗುಜರಿಯ ಪತಂಗೆ ಸಾವಕಾರ ಒಂದೇ ಕೂಗಿಗೆ ಕೊಂಡ. ಮೌಲಾಲಿ ತನ್ನ ಏಣಿಯನ್ನು ತಾನೇ ಸಾವಕಾರನ ಲಾರಿಗೆ ಎತ್ತಿಹಾಕಿದ.

ಗುಜರಿ ಅಂಗಳದಲ್ಲಿ ಪಕ್ಕದ ಯಂತ್ರಗಳ ಮೋಟಾರುಗಳನ್ನು ಒಡೆದು ತಾಮ್ರ ತೆಗೆಯುತ್ತಿದ್ದರು. ಸುತ್ತಿಗೆಯ ಸದ್ದು ದಿನದಿನಕ್ಕೆ ನನ್ನತ್ತ ಸರಿಯುತ್ತಿತ್ತು. ಆಗ ದ್ಯಾಮವ್ವ ಬಂದಳು. ಒಂದು ಉಜ್ಜುಗಲ್ಲಿನ ಚೂರು ತೆಗೆದುಕೊಂಡು ನನ್ನ ಮೇಲಿನ ನೀಲಿ ಹೆಸರನ್ನು ತಿಕ್ಕತೊಡಗಿದಳು.

"ಏ, ನಾ ಇನ್ನ ಕೊಡ್ತೇನಿ ಅಂದಿಲ್ಲ" ಎಂದ ಪತಂಗೆ.

"ಹೆಸರು ನಿಮ್ಮದೂ ಅಲ್ಲಲ್ರೀ. ಅಳಿಸಿದ್ರ ನಿಮಗೇನು ತ್ರಾಸು?"

"ರೊಕ್ಕ ತಂದಿ?"

"ರೊಕ್ಕ ಇಲ್ಲ. ನಿಮ್ಮ ಹೊಸ ಮನಿಗೆ ಕಲ್ಲು ಹಾಸೀರಂತ. ನೆಲಾ ಪಾಲಿಶ್ ಮಾಡಿ ಕೊಡ್ತೇನಿ. ಕೂಲಿ ಬದ್ಲಿ ಮಷೀನ್ ಕೊಡ್ರಿ."

ಪತಂಗೆ ಜೋರಾಗಿ ನಕ್ಕ. "ನನ್ನ ಮಷೀನಿಂದ ನನ್ನ ನೆಲ ತಿಕ್ಕಿ, ನನ್ನ ಮಷೀನ ಹೊತಗೊಂಡ ಹೋಗ್ತಿ. ಭಾರಿ ಶಾಣ್ಯಾಕಿ ಅದಿ ನೋಡ."

"ನಿಮ್ಮದು ಆಗಿದ್ದು ಮೊನ್ನಿ ಸಾವಕಾರ್ರ."

ಅವನು ಒಪ್ಪಿದ. ಅವಳು ಒಣಗಿದ ರಾಡಿಯನ್ನು ಚಾಣದಿಂದ ಕೆತ್ತಿ ತೆಗೆದಳು. ಸಾವಕಾರನ ಹೊಸ ಮನೆಯಲ್ಲಿ ನಾನು ಮತ್ತೆ ತಿರುಗಿದೆ. ಮೊದಲು ಒರಟು ಕಲ್ಲು, ಆಮೇಲೆ ನಯದ ಕಲ್ಲು, ಕೊನೆಗೆ ಪುಡಿ. ಆ ಪುಡಿ ಬಿದ್ದ ಮೇಲೆಯೇ ನೆಲಕ್ಕೆ ಹೊಳಪು. ಅಲ್ಲಿಯವರೆಗೆ ಎಷ್ಟು ಉಜ್ಜಿದರೂ ಬೂದಿ ಬಳಿದಂತೆ ಕಾಣುತ್ತದೆ. ಕೋಣೆಗಳು ಮುಗಿದವು. ಪಡಸಾಲೆಗೆ ಪುಡಿ ಹಾಕುವುದೊಂದೇ ಉಳಿಯಿತು. ಮರುದಿನ ಗೃಹಪ್ರವೇಶ. ಹೊರಗೆ ಚಪ್ಪರ ಹಾಕುತ್ತಿದ್ದರು.

"ನಾಳೆ ಕಾರ್ಯ ಆಗಲಿ. ಇನ್ನೊಂದು ಗೋಡೌನ್ ಐತಿ, ಅದನ್ನೂ ಮುಗಿಸು. ಆದ ಮ್ಯಾಲೆ ಮಷೀನ್ ಒಯ್ಯುವಂತಿ" ಎಂದ ಪತಂಗೆ.

ನಾನು ಭರದಿಂದ ತಿರುಗುತ್ತಿದ್ದೆ, ನಿಲ್ಲುವ ಮನಸ್ಸಿರಲಿಲ್ಲ. ಅವಳು ನನ್ನನ್ನು ನಿಲ್ಲಿಸಿದಳು. ವೈರು ಸುತ್ತಿದಳು. ಪುಡಿಯ ಡಬ್ಬಿಯ ಮುಚ್ಚಳ ಹಾಕಿ ನನ್ನ ಪಕ್ಕ ಬರಿನೆಲದ ಮೇಲೆ ಕೂತಳು.

"ಯಾಕ ಕುಂತಿ?"

"ಆದ ಮ್ಯಾಲೆ ಅನ್ನೂದು ಭಾಳ ಕೇಳೇನ್ರಿ."

ಪತಂಗೆಯ ತಾಯಿ ಒಳಗಿನಿಂದ ಬಂದು ಬೂದುಬಣ್ಣದ ಪಡಸಾಲೆ ನೋಡಿದಳು, ಮಗನನ್ನು ನೋಡಿದಳು. "ನಾಳೆ ಬೀಗರು ಇದರ ಮ್ಯಾಲೆ ಕುಂದ್ರಬೇಕೇನೋ? ಕೊಟ್ಟು ಕಳಸು ಆಕಿದು ಆಕಿಗೆ."

"ತಗೊ ಮಾರಾಯ್ತಿ, ನಿಂದು. ಮಾಡು ಈಗ."

ದ್ಯಾಮವ್ವ ಏಳಲಿಲ್ಲ. ಮೊದಲು ನನ್ನನ್ನು ಗೇಟಿನ ಹೊರಗೆ ರಸ್ತೆಗೆ ಒಯ್ಯಿಸಿದಳು. ಚಪ್ಪರದವರ ಎದುರು ಅದೇ ಮಾತನ್ನು ಅವನಿಂದ ಇನ್ನೊಮ್ಮೆ ಹೇಳಿಸಿದಳು. ಆಮೇಲೆ ಅದೇ ಜನರ ಕೈಯಲ್ಲಿ ನನ್ನನ್ನು ಮತ್ತೆ ಒಳಗೆ ತರಿಸಿ, ಪುಡಿ ಸುರಿದು, ಪಡಸಾಲೆಗೆ ಹೊಳಪು ಕೊಟ್ಟಳು. ಹೊತ್ತು ಮುಳುಗುವ ಮೊದಲು ಕೈಗಾಡಿಯಲ್ಲಿ ನಾವಿಬ್ಬರೂ ಮನೆಗೆ ಹೋದೆವು.

ಈಗ ನನಗೆ ವಯಸ್ಸಾಗಿದೆ. ಬೇರಿಂಗು ಸವೆದು ತಿರುಗಿದರೆ ನರಳುತ್ತೇನೆ. ಹಗುರವಾದ ಹೊಸ ಯಂತ್ರ ಕೆಲಸಕ್ಕೆ ಹೋಗುತ್ತದೆ, ನಾನು ಅವಳ ಮನೆಯ ಮೂಲೆಯಲ್ಲಿರುತ್ತೇನೆ. ತಿರುಗುವುದೇ ಬದುಕು ಎಂದುಕೊಂಡಿದ್ದವನು ನಾನು. ಆದರೆ ಅಷ್ಟು ವರ್ಷ ತಿರುಗಿ ಗಳಿಸಿಕೊಡಲಾಗದ್ದನ್ನು ಆ ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ನಿಂತು ಗಳಿಸಿಕೊಟ್ಟೆ. ಇದು ನನಗೆ ಇನ್ನೂ ಪೂರ್ತಿ ಒಗ್ಗಿಲ್ಲ.

ಹೋದ ತಿಂಗಳು ಬೆಂಗಳೂರಿನಿಂದ ಆ ಅಧಿಕಾರಿಯ ಕಾಗದ ಬಂತು. ಹೊನ್ನಂಬರದ ಬ್ಯಾಂಕು ಸಾಲಗಳು ತೀರಿದ ಮೇಲೆ ಏನಾದರೂ ಉಳಿದರೆ ತುಂಡು ಗುತ್ತಿಗೆಯವರ ಬಿಲ್ಲು ನೋಡುತ್ತಾರಂತೆ. ದ್ಯಾಮವ್ವ ಅದನ್ನು ಅಕ್ಷರ ಕೂಡಿಸಿ ಪೂರ್ತಿ ಓದಿದಳು. ಆಮೇಲೆ ದಪ್ಪವಾಗಿ ಮಡಚಿ, ಓರೆ ನೆಲದಲ್ಲಿ ಅಲುಗಾಡುವ ನನ್ನ ತಳದಡಿ ತುರುಕಿದಳು. ಆದರೂ ರಸ್ತೆಯಲ್ಲಿ ಹಾಸುಗಲ್ಲು ತುಂಬಿದ ಲಾರಿ ಹೋದಾಗ ನಾನು ಅಲುಗುತ್ತೇನೆ.