ಎರಡಕ್ಕೂ ಮೂರಕ್ಕೂ ನಡುವೆ

ಪ್ರೊಜೆಕ್ಟರಿನಿಂದ ಗೋಡೆಗೆ ಬಿದ್ದ ಕರಿಯ ಆಕಾರದ ಮಗ್ಗುಲಲ್ಲಿ ಇನ್ನೊಂದು ಹೊಟ್ಟೆ ಮೂಡುತ್ತಿದೆ, ಹಿಟ್ಟು ಉಬ್ಬಿ ಬಂದಂತೆ ಮೆಲ್ಲಗೆ, ಎಲ್ಲೂ ಹರಿಯದೆ — ಹರಿಯಬೇಕಿತ್ತಲ್ಲ, ವಿಭಾಳ ಲ್ಯಾಪ್‌ಟಾಪಿನಲ್ಲಿ ಮೂರು ವರ್ಷ ಹರಿದೇ ಹರಿದಿತ್ತು, ಒಂದೇ ಸೂತ್ರವನ್ನು ಮತ್ತೆ ಮತ್ತೆ ಹಾಕಿ ಬಿಡಿಸುವ ಫ್ರ್ಯಾಕ್ಟಲ್ ಚಿತ್ರದ ಘಾತಾಂಕ ಎರಡರಿಂದ ಮೂರಕ್ಕೆ ಹೊರಟು ಕೂದಲೆಳೆಯಷ್ಟು ಸರಿದರೂ ಸಾಕು, ಎಡಗಡೆ ಚಾಕುವಿನಲ್ಲಿ ಗೀರಿದ ಹಾಗೆ ಸೀಳು, ಕಡೂರಿನ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ತೆರೆಯದೆ ಆ ಸೀಳನ್ನೇ ನೋಡುತ್ತ ಕೂತ ಮಧ್ಯಾಹ್ನಗಳೆಷ್ಟು, ಈಗ ತರೀಕೆರೆಯ ಈ ಗಣಿತ ಮೇಳದಲ್ಲಿ ಮೈಕ್ ಹಿಡಿದು ನಿಂತವಳು ಅಶ್ವಿನಿ, ಅಜ್ಜಂಪುರದ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುವವಳು, ಬಿಎಸ್ಸಿಯಲ್ಲಿ ತನ್ನದೇ ಶಿಷ್ಯೆ, ಇವತ್ತಿಗೂ ಸೀರೆಯ ನೆರಿಗೆ ನೆಟ್ಟಗೆ ನಿಲ್ಲಿಸಲು ಬಾರದು — ಛೇ, ನೆರಿಗೆಯ ಮಾತೇಕೆ ಈಗ, ಆದರೂ ಕಣ್ಣು ಅಲ್ಲಿಗೇ ಹೋಗುತ್ತದೆ, ಎಲ್ಲಾದರೂ ಒಂದು ಕೊರತೆ ಸಿಗಲಿ ಎಂದು. ಹೋದ ಜೂನ್‌ನಲ್ಲಿ ಆ ಸೀಳನ್ನು ಅವಳಿಗೆ ತಾನೇ ತೋರಿಸಿದ್ದಳು, ಹುಡುಗಿ ತಲೆ ಕೆರೆದುಕೊಂಡು ಕೇಳಿದ್ದಳು, ಘಾತಾನ ಯಾಕ್ ಎಳೀಬೇಕು ಮೇಡಂ, ವರ್ಗ ಬೇರೆ, ಘನ ಬೇರೆ ಲೆಕ್ಕ ಹಾಕ್ಕೊಂಡು, ಎರಡನ್ನೂ ಬೆರೆಸ್ತಾ ಹೋದ್ರೆ ಆಗಲ್ವಾ, ಮೊದಲು ಪೂರ್ತಿ ವರ್ಗ, ಆಮೇಲೆ ಮುಕ್ಕಾಲು, ಅರ್ಧ, ಕಾಲು, ಕೊನೆಗೆ ಬರೀ ಘನ? ವಿಭಾ ನಕ್ಕಿದ್ದಳು, ಅದು ಎರಡೂವರೆ ಘಾತ ಅಲ್ಲ ಕಣೇ, ಮೋಸ ಅದು, ಬಿಟ್ಬಿಡು. ಅಶ್ವಿನಿ ಬಸ್ಸು ಹತ್ತಿದ್ದೇ ತಡ, ವಿಭಾ ಬಾಗಿಲು ಹಾಕಿಕೊಂಡು ತಾನೇ ಬೆರೆಸಿ ನೋಡಿದಳು, ನಾಲ್ಕು ಸಾಲು ಬದಲಾಯಿಸಿದ್ದಷ್ಟೇ, ಸೀಳು ಮಾಯ, ಕುಣಿದಾಡಬೇಕಿತ್ತು, ಎದೆಯೊಳಗೆ ಮೆಣಸಿನಕಾಯಿ ಅರೆದ ಹಾಗಾಯಿತು, ಮೂರು ವರ್ಷ ನನ್ನದು, ಮೂರು ನಿಮಿಷ ಅವಳದು, ಫೈಲನ್ನೇ ಅಳಿಸಿ ಹಾಕಿದಳು, ಯಾರಿಗೂ ಹೇಳಲಿಲ್ಲ, ಹುಡುಗಿ ಮರೆತಾಳು ಅಂದುಕೊಂಡಳು — ಎಲ್ಲಿ ಮರೆತಳು, ಈಗ ಅದಕ್ಕೇ ಚಪ್ಪಾಳೆ ಬೀಳುತ್ತಿದೆ, ಅಧ್ಯಕ್ಷರ ಕುರ್ಚಿಯಿಂದ ದೇವೀರಪ್ಪನವರು ಪ್ರಶ್ನೆ ಇದ್ರೆ ಕೇಳಿ ಕಣ್ರೀ ಅನ್ನುತ್ತಿದ್ದಾರೆ, ಯಾರದೋ ಕೈ ಎದ್ದಿದೆ, ಅಯ್ಯೋ ತನ್ನದೇ ಕೈ, ಇದು ನಿಜವಾದ ಭಿನ್ನಘಾತ ಅಲ್ಲ ಅಲ್ವಾ ಅಶ್ವಿನಿ? ಸಭೆ ತಿರುಗಿ ನೋಡಿತು, ಅರೆಗಳಿಗೆ ಬಾಯಲ್ಲಿ ಬೆಲ್ಲ. ಅಶ್ವಿನಿಯ ಮುಖ ಅರಳಿತು, ಅಲ್ಲ ಮೇಡಂ, ಹೇಳ್ಕೊಟ್ಟೋರೇ ನೀವಲ್ವಾ, ಎಂದು ಮುಂದಿನ ಸ್ಲೈಡ್ ತೆಗೆದಳು, ಇದು ಭಿನ್ನಘಾತವಲ್ಲ, ಬೆರಕೆ, ಈ ಎಚ್ಚರ ಕೊಟ್ಟವರು ನನ್ನ ಗುರು ವಿಭಾ, ಅಷ್ಟುದ್ದದ ಅಕ್ಷರ. ಸಭೆಗೆ ಹೇಳಿದಳು, ಸೀಳು ಕಂಡುಹಿಡಿದೋರು ಮೇಡಮ್ಮೇ, ಅವರೊಂದ್ಸಲ ಬೆರೆಸಿ ನೋಡಿದ್ದಿದ್ರೆ ನನ್ ಹೆಸರೇ ಇಲ್ಲಿರ್ತಿರಲಿಲ್ಲ. ನೋಡಿದ್ದೆ ಕಣೇ, ನೋಡಿದ್ದೆ, ನಾಲಿಗೆಯ ತುದಿಗೆ ಬಂತು, ಹೇಳಿದರೆ ಯಾಕೆ ಮುಚ್ಚಿಟ್ರಿ ಅಂತ ಕೇಳಲ್ವಾ ಈ ಜನ, ಚಪ್ಪಾಳೆ ಈಗ ತನ್ನ ಕಡೆಗೇ ಬರುತ್ತಿದೆ, ಕೈ ಮುಗಿದಳು, ಕೂತಳು, ಯಾರೋ ಮತ್ತೆ ಚಿತ್ರ ಹಾಕಿದರು, ಮತ್ತೆ ಒಂದೇ ಹೊಟ್ಟೆ, ಅದರ ಮಗ್ಗುಲಲ್ಲಿ ಇನ್ನೊಂದು, ಮೆಲ್ಲಗೆ, ಎಲ್ಲೂ ಹರಿಯದೆ, ಎಲ್ಲೂ —