ಅನ್ಸೆಲ್ಮೊ ಕಿರೋಗಾನ ಅಂತಿಮ ದರ್ಶನ, ಮುಂಗಡವಾಗಿ

೧

ಈ ಕಥೆಯನ್ನು ಸಾವಿನಿಂದ ಶುರುಮಾಡಲೇ, ಕಾಫಿಯಿಂದಲೇ? ಸಾವೆಂದರೆ ಓದುಗರು ತೆಪ್ಪಗೆ ಕೂರುತ್ತಾರೆ. ಆದರೆ ನಮ್ಮ ಅನ್ಸೆಲ್ಮೊ ಕಿರೋಗಾ ಎಂಬತ್ತನಾಲ್ಕರಲ್ಲೂ ಗಟ್ಟಿಮುಟ್ಟು. ಅರವತ್ತೆರಡು ವರ್ಷ ಮ್ಯಾಡ್ರಿಡ್ಡಿನ ರಂಗದ ಮೇಲೂ ತೆರೆಯ ಮೇಲೂ ಸತ್ತು ಸತ್ತು ಪಳಗಿದವನು: ಕತ್ತಿಯಿಂದ, ವಿಷದಿಂದ, ಎರಡು ಸಲ ಗೂಳಿಯಿಂದ. ಸಾಯಿ ಎಂದ ಕೂಡಲೇ ಸಾಯುವ ಆಸಾಮಿಯಲ್ಲ.

(ಮೊದಲ ಡ್ರಾಫ್ಟಿನಲ್ಲಿ ಅವನ ಬಾಲ್ಯವಿತ್ತು. ಹಸಿವು, ಚಳಿ, ಅಮ್ಮನ ಕಣ್ಣೀರು. ಚೆನ್ನಾಗಿಯೇ ಬಂದಿತ್ತು. ಅದಕ್ಕೇ ಅನುಮಾನ ಬಂದು ಹರಿದುಹಾಕಿದೆ.)

೨

ಸರಿ, ಕಾಫಿ. ರಂಗಮಂದಿರದ ನಿರ್ದೇಶಕಿ ಇಚಿಯಾರ್ ಫೋನ್ ಮಾಡಿ ಹನ್ನೊಂದಕ್ಕೆ ಬರಹೇಳಿದಳು. ಮೂರು ವರ್ಷದಿಂದ ಪಾರ್ಟಿಲ್ಲದೆ ಒಣಗಿದ್ದ ಅನ್ಸೆಲ್ಮೊ ಒಂಬತ್ತಕ್ಕೇ ಕೋಟು ತೊಟ್ಟು ಕೂತ.

"ಪಾರ್ಟು ಕೊಡ್ತಾಳೆ ಅಂತ ಯಾರು ಹೇಳಿದ್ರು ನಿಂಗೆ?" ಎಂದಳು ಹೆಂಡತಿ ಬೆನಿಲ್ದೆ. ರಂಗದ ಅಂಚಿನ ಗೂಡಿನೊಳಗೆ ಕೂತು ಮೂವತ್ತು ವರ್ಷ ಅವನು ಮರೆತ ಮಾತನ್ನು ಮೆಲ್ಲಗೆ ಹೇಳಿಕೊಟ್ಟವಳು. ಆ ಗೂಡನ್ನು ಹಲಗೆ ಹೊಡೆದು ಮುಚ್ಚಿದ ಮೇಲೆ ಮನೆಯಲ್ಲೇ ಆ ಕೆಲಸ.

"ಮತ್ತೇನು, ನನ್ನ ಮುಖ ನೋಡೋಕೆ ಕರೀತಾಳಾ?"

ನಿಜ ಹೇಳಬೇಕೆಂದರೆ, ಅದಕ್ಕೇ ಕರೆದಿದ್ದಳು.

೩

ನಮ್ಮ ಮ್ಯಾಡ್ರಿಡ್ಡಿನಲ್ಲಿ ದೊಡ್ಡ ನಟ ಸತ್ತರೆ ಶವಪೆಟ್ಟಿಗೆಯನ್ನು ರಂಗದ ಮೇಲೇ ಇಡುತ್ತಾರೆ. ಜನ ಸಾಲುಗಟ್ಟಿ ನೋಡುತ್ತಾರೆ, ಪೆಟ್ಟಿಗೆ ಹೊರಡುವಾಗ ಚಪ್ಪಾಳೆ ತಟ್ಟುತ್ತಾರೆ. (ಬದುಕಿದ್ದಾಗ ಒಂದು ನಾಟಕಕ್ಕೂ ಬಾರದವರೇ ಮುಂದೆ ನಿಂತು ಮೂಗೊರೆಸಿಕೊಳ್ಳುತ್ತಾರೆ.)

"ಮೇಷ್ಟ್ರೇ, ನಿಮ್ಮನ್ನ ನಮ್ಮ ಸ್ಟೇಜಲ್ಲೇ ಮಲಗಿಸಬೇಕು ಅಂತ ಆಸೆ," ಎಂದು ಇಚಿಯಾರ್ ಕಾಗದ ಸರಿಸಿದಳು. "ಬೇರೆ ಥಿಯೇಟರಿನವರು ಕೇಳೋಕೆ ಮುಂಚೆ ಒಂದು ಸಹಿ."

"ಮಾತೆಷ್ಟಿದೆ?"

"ಯಾವ ಮಾತು?"

"ಈ ಪಾರ್ಟಲ್ಲಿ."

ಇಚಿಯಾರ್ ಸಕ್ಕರೆ ಹಾಕಿದ ಕಾಫಿಗೇ ಮತ್ತೆ ಸಕ್ಕರೆ ಹಾಕಿದಳು.

"ಉಸಿರಿರೋವಾಗ ಒಂದು ಪಾರ್ಟು ಕೊಡಮ್ಮ. ಆಮೇಲೆ ನೀನು ಹೇಳಿದಷ್ಟು ದಿನ ಮಲಗಿರ್ತೀನಿ."

"ಮೇಷ್ಟ್ರೇ, ಹೋದ ಸಲ ಎರಡನೇ ಅಂಕದಲ್ಲಿ..."

ಹೋದ ಸಲ ಮಾತು ಮರೆತು ಎರಡು ನಿಮಿಷ ಬಾಯಿ ತೆರೆದು ನಿಂತಿದ್ದ. ವಿಮರ್ಶಕರು ಅದನ್ನು 'ಈ ವರ್ಷದ ಅತ್ಯಂತ ಗಾಢ ಅಭಿನಯ' ಎಂದು ಬರೆದರು. ನಿಜ ಗೊತ್ತಿದ್ದದ್ದು ಮೂವರಿಗೆ: ಅವನಿಗೆ, ಬೆನಿಲ್ದೆಗೆ, ಇಚಿಯಾರಳಿಗೆ.

೪

ಮುಕ್ತಾಯ ಒಂದು: ಅನ್ಸೆಲ್ಮೊ ಸಹಿ ಹಾಕುತ್ತಾನೆ, ವಸಂತದಲ್ಲಿ ಸಾಯುತ್ತಾನೆ, ಚಪ್ಪಾಳೆ. ಬರೆಯುತ್ತ ನನಗೇ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅವನು ನಾನು ಬರೆಯುತ್ತಿದ್ದ ಕಾಗದದಿಂದಲೇ ತಲೆಯೆತ್ತಿದ.

"ಏನಯ್ಯಾ ಬರಹಗಾರ, ನೀನೂ ಅವಳ ಕಡೆಯವನೇ? ನಿಂಗೂ ನಾನು ಹೆಣವಾದ್ರೇನೇ ಕೆಲಸಕ್ಕೆ ಬರೋದು, ಅಲ್ವಾ?"

"ಕಥೆಗೊಂದು ಮುಕ್ತಾಯ ಬೇಕಲ್ಲ, ಮೇಷ್ಟ್ರೇ."

"ನಿನ್ನ ಮುಕ್ತಾಯಕ್ಕಿಷ್ಟು ಬೆಂಕಿ ಹಾಕ."

ಮುಕ್ತಾಯ ಎರಡು: ಶ್ರವಣಯಂತ್ರದ ಜಾಹೀರಾತಿನಲ್ಲಿ ನಗುವ ಅಜ್ಜನ ಪಾರ್ಟು. ಅವನು ಅದನ್ನು ಓದಲೂ ಇಲ್ಲ.

"ಮಾತಿರೋ ಪಾರ್ಟು ಕೊಡು. ಒಂದೂವರೆ ಪುಟ. ನೆನಪಿಟ್ಕೊಳ್ಳೋದು ನನ್ನ ತಲೆನೋವು."

೫

ನನಗೆ ನಾಚಿಕೆಯಾಯಿತು. ಕೊಟ್ಟೆ.

ಮೊದಲ ಪ್ರದರ್ಶನ, ತುಂಬಿದ ಸಭಾಂಗಣ. ಪಕ್ಕದ ಪರದೆಯ ಹಿಂದೆ ಇಚಿಯಾರ್ ಉಗುರು ಕಚ್ಚುತ್ತಿದ್ದಾಳೆ. (ನನ್ನ ಕಥೆ, ಅವಳಿಂದ ಏನು ಬೇಕಾದರೂ ಕಚ್ಚಿಸುತ್ತೇನೆ.) ಅನ್ಸೆಲ್ಮೊ ರಂಗದ ನಡುವೆ ಬಂದು ನಿಂತ. ಮೊದಲ ವಾಕ್ಯ ಕೊನೆಯ ಸಾಲಿನವರೆಗೂ ಹೋಯಿತು. ಎರಡನೆಯದಕ್ಕೆ ಜನ ಕೆಮ್ಮುವುದನ್ನು ನಿಲ್ಲಿಸಿದರು. ಮೂರನೆಯದನ್ನು ಎಷ್ಟು ಮೆಲ್ಲಗೆ ಹೇಳಿದನೆಂದರೆ, ಬರೆದ ನನಗೂ ಅದರ ಅರ್ಥ ಆಗಲೇ ಆದದ್ದು.

ಆಮೇಲೆ ನಿಂತುಬಿಟ್ಟ.

ಪ್ರೇಕ್ಷಕರ ಮೊದಲ ಸಾಲಿನಲ್ಲಿದ್ದ ಬೆನಿಲ್ದೆ ಅರ್ಧ ಎದ್ದಳು. ಅವನತ್ತ ನೋಡಲಿಲ್ಲ, ತಿರುಗಿ ನನ್ನನ್ನು ನೋಡಿದಳು.

"ಹೇಳಿಕೊಡು, ಮಾರಾಯ. ಮುಂದಿನದೇನು?"

ಒಂದೂವರೆ ಪುಟ ಕೇಳಿದವನಿಗೆ ನಾನು ಬರೆದದ್ದು ಮೂರೇ ವಾಕ್ಯ. ನಾಲ್ಕನೆಯದರ ಹೊತ್ತಿಗೆ ಮುದುಕ ಹೇಗೂ ಮರೆಯುತ್ತಾನೆ, ಅಲ್ಲಿಗೆ ಒಳ್ಳೆಯ ಮುಕ್ತಾಯವಾಗುತ್ತದೆ ಎಂದು ನಂಬಿ, ಮುಂದಕ್ಕೆ ಬರೆದೇ ಇರಲಿಲ್ಲ.

ಅವನು ಮರೆತಿರಲಿಲ್ಲ.

ಇನ್ನೂ ಅಲ್ಲೇ ನಿಂತಿದ್ದಾನೆ, ಒಂದು ಕೈ ಮುಂದೆ ಚಾಚಿಕೊಂಡು. ಬೆನಿಲ್ದೆಯೂ ಕೂತಿಲ್ಲ. ನಾನು ಬರೆಯುತ್ತಿದ್ದೇನೆ, ಹೊಡೆದುಹಾಕುತ್ತಿದ್ದೇನೆ, ಮತ್ತೆ ಬರೆಯುತ್ತಿದ್ದೇನೆ